ಮಂಗಳವಾರ ಸಂಜೆ ಬಾರು ತುಂಬಿಸಿದ ಕ್ವಿಜ್

ಶುಕ್ರವಾರ, ಶನಿವಾರ ನನ್ನ ಬಾರಿನಲ್ಲಿ ಯಾವ ಆಟವನ್ನೂ ಇಡುವುದಿಲ್ಲ. ಆ ದಿನಗಳಲ್ಲಿ ಜನ ತಾವಾಗಿಯೇ ಬರುತ್ತಾರೆ. ಹರಟಲು ಬಂದವರ ನಡುವೆ ನಾವು ಮೈಕ್ ಹಿಡಿದು ನಿಂತರೆ ಅವರಿಗೆ ಕಿರಿಕಿರಿ. ಕುರ್ಚಿ ಖಾಲಿ ಬೀಳುವುದು ವಾರದ ನಡುವೆ. ಬಾಡಿಗೆ, ಸಂಬಳ ಮಾತ್ರ ಮಂಗಳವಾರಕ್ಕೂ ಶನಿವಾರದಷ್ಟೇ. ಆದ್ದರಿಂದ ಮಂಗಳವಾರವನ್ನೇ ಆರಿಸಿಕೊಂಡು ಕ್ವಿಜ್ ಶುರು ಮಾಡಿದೆ. ಬ್ರಿಟನ್ನಿನ ಪಬ್‌ಗಳಲ್ಲಿ ಕ್ವಿಜ್ 1970ರ ದಶಕದಲ್ಲಿ ಹಬ್ಬಿದ್ದರ ಹಿಂದೆಯೂ ವ್ಯಾಪಾರ ಇಲ್ಲದ ರಾತ್ರಿಗಳನ್ನು ತುಂಬಿಸುವ ಇದೇ ಲೆಕ್ಕ ಇತ್ತು.

ರಿಯಾಯಿತಿ ಕೊಟ್ಟೂ ಜನರನ್ನು ಕರೆಯಬಹುದು. ಆದರೆ ಪಕ್ಕದವನು ಇನ್ನೂ ಕಡಿಮೆಗೆ ಕೊಟ್ಟ ದಿನ ಅವರು ಅತ್ತ ನಡೆಯುತ್ತಾರೆ. ಟೀಮಿನ ವಿಷಯ ಬೇರೆ. ಒಬ್ಬನಿಗೆ ಸುಸ್ತಾಗಿದ್ದರೂ, ಉಳಿದ ನಾಲ್ವರು 'ಕ್ರಿಕೆಟ್ ಪ್ರಶ್ನೆಗೆ ನೀನೇ ದಿಕ್ಕು, ಬಾರೋ' ಎಂದರೆ ಎದ್ದು ಬರುತ್ತಾನೆ. ನನ್ನ ಪರವಾಗಿ ಗಿರಾಕಿಯೇ ಗಿರಾಕಿಯನ್ನು ಕರೆತರುತ್ತಾನೆ.

ಒಂದು ಟೀಮಿಗೆ ಆರೇ ಜನ. ಹತ್ತು ಜನರ ಗುಂಪು ಬಂದರೆ ಎರಡಾಗಿ ಒಡೆಯುತ್ತೇನೆ. ಇಲ್ಲದಿದ್ದರೆ ವಾರವಾರವೂ ಅವರೇ ಗೆದ್ದು ಚಿಕ್ಕ ಟೀಮಿನವರು ಬರುವುದನ್ನೇ ಬಿಡುತ್ತಾರೆ. ಒಬ್ಬರೇ ಬಂದವರನ್ನು ನಾನೇ ಟೇಬಲ್‌ಗೆ ಕರೆದೊಯ್ದು ಪರಿಚಯಿಸುತ್ತೇನೆ. ಈ ಕೆಲಸ ಸಪ್ಲೈಯರ್‌ಗೆ ಬಿಡಬಾರದು. ಮಾಲೀಕನೇ ಬಂದು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ಸುತ್ತಿಗೆ ಹತ್ತು ಪ್ರಶ್ನೆ, ಸುತ್ತಿನ ನಡುವೆ ಹತ್ತು ನಿಮಿಷ ಬಿಡುವು. ನನ್ನ ವ್ಯಾಪಾರ ಇರುವುದು ಆ ಬಿಡುವಿನಲ್ಲಿ. ಪ್ರಶ್ನೆ ನಡೆಯುವಾಗ ಯಾರೂ ಆರ್ಡರ್ ಕೊಡುವುದಿಲ್ಲ, ಬಿಡುವು ಸಿಕ್ಕ ಕೂಡಲೇ ಎಲ್ಲ ಟೇಬಲ್‌ಗಳಿಂದ ಒಟ್ಟಿಗೆ ಕೂಗು. ಅಡುಗೆಮನೆಗೆ ಸುತ್ತುಗಳ ಸಮಯವನ್ನು ಮೊದಲೇ ಬರೆದು ಕೊಟ್ಟಿರುತ್ತೇನೆ. ಕೌಂಟರ್‌ಗೆ ಹೆಚ್ಚುವರಿ ಆಳನ್ನು ಹಾಕುವುದೂ ಆ ಹೊತ್ತಿಗೇ. ಬಿಡುವಿನಲ್ಲಿ ಕೊಟ್ಟ ಆರ್ಡರ್ ಮುಂದಿನ ಸುತ್ತು ಮುಗಿದ ಮೇಲೆ ಬಂದರೆ ಮತ್ತೊಂದು ಆರ್ಡರ್ ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಬೆವರು ಬೇಡುವುದು ಪ್ರಶ್ನೆ ಬರೆಯುವ ಕೆಲಸ. ಅಂತರ್ಜಾಲದಲ್ಲಿ ಸಿದ್ಧ ಪಟ್ಟಿಗಳು ಬೇಕಾದಷ್ಟಿವೆ, ಬಹುಪಾಲು ಒಣಗಿದವು. ಗೊತ್ತಿದ್ದವನು ಬರೆದ, ಗೊತ್ತಿಲ್ಲದವನು ಸುಮ್ಮನೆ ಕುಳಿತ ಎಂಬಂಥ ಪ್ರಶ್ನೆಯಿಂದ ಬಾರಿಗೆ ಪ್ರಯೋಜನವಿಲ್ಲ. ಉತ್ತರ ನಾಲಗೆಯ ತುದಿಗೆ ಬಂದು ನಿಲ್ಲಬೇಕು, ಟೇಬಲ್‌ನಲ್ಲಿ ಜಗಳವಾಗಬೇಕು. ಉದಾಹರಣೆಗೆ, ಪುಟ್ಟ ಬಾಣ ಎಸೆದು ಅಂಕ ಗಳಿಸುವ ಡಾರ್ಟ್ಸ್ ಆಟದ ದುಂಡು ಬೋರ್ಡಿನಲ್ಲಿ 20ರ ಎಡಬಲಕ್ಕೆ ಯಾವ ಅಂಕಿಗಳಿವೆ? ವರ್ಷಗಟ್ಟಲೆ ಡಾರ್ಟ್ಸ್ ಎಸೆದವರೂ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿ ಯೋಚಿಸುತ್ತಾರೆ. 5 ಮತ್ತು 1. ದೊಡ್ಡ ಅಂಕಕ್ಕೆ ಗುರಿಯಿಟ್ಟು ತಪ್ಪಿದವನಿಗೆ ಸಣ್ಣ ಅಂಕವೇ ದಂಡ. (ಈ ಪ್ರಶ್ನೆ ಕೇಳುವ ದಿನ ಬೋರ್ಡಿಗೆ ಬಟ್ಟೆ ಹೊದಿಸಿಡಬೇಕು.) ಇಬ್ಬರು ಸಮನಾದರೆ ಸಂಖ್ಯೆ ಕೇಳುತ್ತೇನೆ: ಭೂಮಿಯಿಂದ ಚಂದ್ರನಿಗೆ ಸರಾಸರಿ ಎಷ್ಟು ಕಿಲೋಮೀಟರ್? 3,84,400ಕ್ಕೆ ಹತ್ತಿರ ಬಂದವರು ಗೆದ್ದರು.

ಫೋನ್ ನೋಡುವವರನ್ನು ಹಿಡಿಯಲು ನಾನು ಪೊಲೀಸನಾಗುವುದಿಲ್ಲ. ಉತ್ತರದ ಹಾಳೆಯನ್ನು ಪಕ್ಕದ ಟೇಬಲ್‌ನವರೇ ತಿದ್ದುತ್ತಾರೆ. ಆ ಕಣ್ಣುಗಳಿಗಿಂತ ಕಟ್ಟುನಿಟ್ಟು ಬೇರೆಲ್ಲೂ ಇಲ್ಲ.

ಬಹುಮಾನವಾಗಿ ಮದ್ಯ ಕೊಡುವುದಿಲ್ಲ. ಎಷ್ಟೋ ಕಡೆ ಕಾನೂನೇ ಒಪ್ಪುವುದಿಲ್ಲ, ಒಪ್ಪಿದರೂ ನನಗೆ ಬೇಡ. ಗೆದ್ದವರಿಗೆ ಮುಂದಿನ ಭೇಟಿಯ ಬಿಲ್ಲಿನಲ್ಲಿ ಕಡಿತ. ಕೊನೆಯಿಂದ ಎರಡನೆಯವರಿಗೂ ಏನಾದರೊಂದು ಇಡುತ್ತೇನೆ, ಅದಕ್ಕಾಗಿ ನಡೆಯುವ ಪೈಪೋಟಿ ಮೊದಲ ಸ್ಥಾನದ್ದಕ್ಕಿಂತ ಜೋರು. ಯಾರು ಬೇಗ ಕುಡಿಯುತ್ತಾರೆ, ಯಾರು ಹೆಚ್ಚು ಕುಡಿಯುತ್ತಾರೆ ಎಂಬ ಸ್ಪರ್ಧೆ ನನ್ನ ಬಾರಿನಲ್ಲಿ ಯಾವತ್ತೂ ಇಲ್ಲ. ಪ್ರತಿ ಟೀಮಿನಲ್ಲೂ ಗಾಡಿ ಓಡಿಸುವ, ಕುಡಿಯದ ಒಬ್ಬರು ಇದ್ದೇ ಇರುತ್ತಾರೆ. ಅವರ ಗ್ಲಾಸಿನಲ್ಲಿ ಬರೀ ನೀರಿದ್ದರೆ ಇಡೀ ಟೀಮು ಬೇಗ ಏಳುತ್ತದೆ. ಅವರಿಗೆಂದೇ ಒಳ್ಳೆಯ ಪಾನೀಯಗಳ ಪಟ್ಟಿ ಮಾಡಿದೆ.

ಧ್ವನಿಮುದ್ರಿತ ವಾದ್ಯಸಂಗೀತಕ್ಕೆ ಗಿರಾಕಿಗಳೇ ಮೈಕ್ ಹಿಡಿದು ಹಾಡುವ ಕರೋಕೆ ತಿಂಗಳಿಗೊಮ್ಮೆ ಮಾತ್ರ. ಅದರ ಮೊದಲ ಯಂತ್ರವನ್ನು 1971ರಲ್ಲಿ ಜಪಾನಿನ ಕೋಬೆಯಲ್ಲಿ ಮಾಡಿದವರೆಂದು ಹೆಸರಾದ ಡೈಸುಕೆ ಇನೊಯೆ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು. ಹಾಡಲು ಬಾರದವನಿಗೂ ಹಾಡುವ ಆಸೆ ಇದೆ ಎಂಬುದು ಅಂಥ ಕಸುಬಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ತೊಡಕು ಮೊದಲ ಹಾಡಿನದ್ದು. ಚೆನ್ನಾಗಿ ಹಾಡುವವರನ್ನು ಮೊದಲು ನಿಲ್ಲಿಸಿದರೆ ಉಳಿದವರು ಹೆದರಿ ಕೂರುತ್ತಾರೆ. ಶ್ರುತಿಗೂ ತನಗೂ ಸಂಬಂಧವೇ ಇಲ್ಲದ ನಮ್ಮ ಕೌಂಟರ್ ಹುಡುಗ ಶುರು ಮಾಡಿದರೆ ಮೈಕ್‌ಗೆ ಸಾಲು ನಿಲ್ಲುತ್ತದೆ. ಬಾರಿನಲ್ಲಿ ಹಾಡು ನುಡಿಸಲು ಹಕ್ಕುದಾರರ ಪರವಾನಗಿ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ.

ಡಾರ್ಟ್ಸ್‌ಗೆ ಜಾಗವೇ ಮುಖ್ಯ. ಬೋರ್ಡಿನ ನಡುಬಿಂದು ನೆಲದಿಂದ 1.73 ಮೀಟರ್, ಎಸೆಯುವ ಗೆರೆ ಬೋರ್ಡಿನಿಂದ 2.37 ಮೀಟರ್, ಆ ನಡುವೆ ಶೌಚಾಲಯಕ್ಕೆ ಹೋಗುವ ದಾರಿ ಬರಕೂಡದು. ಆಟದಲ್ಲಿ ಒಂದು ಮೊತ್ತದಿಂದ ಶುರು ಮಾಡಿ, ಗಳಿಸಿದ ಅಂಕಗಳನ್ನು ಕಳೆಯುತ್ತಾ ಸೊನ್ನೆಗೆ ಇಳಿಯಬೇಕು. ಹೊಸಬರಿಗೆ 501ರಿಂದ ಬೇಡ, 301 ಸಾಕು, ಬೇಗ ಮುಗಿಯುತ್ತದೆ.

ಲೆಕ್ಕ ನೋಡುವಾಗ ಆಟದ ದಿನದ ಗಲ್ಲಾವನ್ನಷ್ಟೇ ನಾನು ಎಣಿಸುವುದಿಲ್ಲ. ಮಂಗಳವಾರದ ಮುಖಗಳಲ್ಲಿ ಎಷ್ಟು ಗುರುವಾರವೂ ಕಾಣಿಸುತ್ತವೆ ಎಂದು ಸಪ್ಲೈಯರ್‌ಗಳನ್ನು ಕೇಳುತ್ತೇನೆ. ಆ ಸಂಖ್ಯೆ ಇಳಿಯತೊಡಗಿದರೆ ಪ್ರಶ್ನೆ ಬರೆಯುವವರನ್ನು ಬದಲಿಸುವ ಹೊತ್ತು ಬಂದಿದೆ, ಅದು ನಾನೇ ಆಗಿದ್ದರೂ ಸರಿ.