ಸ್ಕ್ರೀನ್ ಬಿಡುವಾಗ ಟೈಮರ್ ನಿಲ್ಲಿಸಿ

ಫ್ಲಟರ್‌ನಲ್ಲಿ ಆ್ಯಪ್ ಬರೆಯುವವರಿಗೆ ಒಂದು ಮಾತು. ಓಟಿಪಿ ಸ್ಕ್ರೀನಿನಲ್ಲಿ 30 ಸೆಕೆಂಡಿನ ಕೌಂಟ್‌ಡೌನ್‌ಗೆ ಟೈಮರ್.ಪೀರಿಯಾಡಿಕ್ (ನಿಗದಿತ ಅಂತರಕ್ಕೊಮ್ಮೆ ಕೋಡ್ ಓಡಿಸುವ ಟೈಮರ್) ಹಾಕುತ್ತೇವೆ, ಅಲ್ವಾ? ಬಳಕೆದಾರರು ಮಧ್ಯದಲ್ಲೇ ಹಿಂದಕ್ಕೆ ಹೋದರೆ ಸ್ಕ್ರೀನ್ ಹೋಗುತ್ತದೆ, ಟೈಮರ್ ಹೋಗುವುದಿಲ್ಲ. ಇಲ್ಲದ ಸ್ಕ್ರೀನಿಗೆ ಪ್ರತಿ ಸೆಕೆಂಡೂ ಸೆಟ್‌ಸ್ಟೇಟ್ (ಸ್ಕ್ರೀನನ್ನು ಹೊಸದಾಗಿ ತೋರಿಸಲು ಹೇಳುವ ಫಂಕ್ಷನ್) ಕರೆಯುತ್ತಲೇ ಇರುತ್ತದೆ. ಲಾಗ್ ತುಂಬಾ ಎರರ್. ಮೆಮೊರಿಯನ್ನೂ ಸುಮ್ನೆ ಹಿಡಿದುಕೊಂಡಿರುತ್ತದೆ.

ಟೈಮರನ್ನು ಸ್ಟೇಟ್ ಕ್ಲಾಸಿನ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಸ್ಕ್ರೀನ್ ಪೂರ್ತಿ ಹೋಗುವಾಗ ಫ್ಲಟರ್ ಕರೆಯುವ ಡಿಸ್ಪೋಸ್ ಫಂಕ್ಷನ್ ಒಳಗೆ ಮೊದಲು ಅದನ್ನು ಕ್ಯಾನ್ಸಲ್ ಮಾಡಿ, ಆಮೇಲೆ ಸೂಪರ್.ಡಿಸ್ಪೋಸ್ ಕರೆಯಿರಿ. ಬರೀ ಮೌಂಟೆಡ್ ಚೆಕ್ (ಸ್ಕ್ರೀನ್ ಇನ್ನೂ ಇದೆಯಾ ಅಂತ ನೋಡುವುದು) ಹಾಕಿ ಬಿಡಬೇಡಿ, ದಯವಿಟ್ಟು. ಎರರ್ ಮರೆಯಾಗುತ್ತದೆ, ಟೈಮರ್ ಮಾತ್ರ ಓಡುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ಇದೇ ಸ್ಕ್ರೀನಿನ ಮೇಲೆ ಬೇರೆ ಸ್ಕ್ರೀನ್ ಪುಶ್ ಮಾಡಿದರೆ (ತೆರೆದರೆ) ಹಳೆಯದು ಕೆಳಗೆ ಇದ್ದೇ ಇರುತ್ತದೆ, ಹಾಗಾಗಿ ಡಿಸ್ಪೋಸ್ ಕರೆಯೇ ಬರುವುದಿಲ್ಲ. ಅಲ್ಲಿ ಪುಶ್‌ಗೆ ಮೊದಲು ಟೈಮರನ್ನು ನೀವೇ ನಿಲ್ಲಿಸಿ, ವಾಪಸ್ ಬಂದಾಗ ಬೇಕಿದ್ದರೆ ಮತ್ತೆ ಶುರು ಮಾಡಿ.