ರಾಣಿ ಜೋಡಿ ಬಂದಾಗ ನಾನು ಎಣಿಸುವುದು

2021ರ ಬೇಸಿಗೆ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಆನ್‌ಲೈನ್ ಪೋಕರ್, ಆರು ಜನರ ಹೋಲ್ಡೆಮ್ ಟೇಬಲ್. ಒಬ್ಬೊಬ್ಬರಿಗೂ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಬ್ಲೈಂಡ್, ಅಂದರೆ ಇಬ್ಬರು ಮೊದಲೇ ಕಟ್ಟಲೇಬೇಕಾದ ಹಣ, 1-2 ರೂಪಾಯಿ. ಎಲ್ಲರ ಮುಂದೆಯೂ ಸುಮಾರು 200 ರೂಪಾಯಿ. ನನಗೆ ಆಟೀನ್ ರಾಣಿ, ಕಳಾವರ್ ರಾಣಿ ಬಂತು. ಮೊದಲ ಸೀಟಿನವನು 6ಕ್ಕೆ ರೇಸ್ ಮಾಡಿದ, ಅಂದರೆ ಪಣ ಏರಿಸಿದ. ಡೀಲರ್ ಬಟನ್ (ಎಲೆ ಹಂಚುವವನ ಗುರುತು) ನನ್ನದು, 18 ಮಾಡಿದೆ. ಬ್ಲೈಂಡ್ ಕಟ್ಟಿದ್ದ ಇಬ್ಬರೂ ಎಲೆ ಬಿಟ್ಟರು. ಮೊದಲ ಸೀಟಿನವನು ತಡ ಮಾಡದೆ 200 ಪೂರ್ತಿ ತಳ್ಳಿದ.

ರಾಣಿ ಜೋಡಿ ಅಲ್ವಾ, ಬಿಡೋಕಾಗುತ್ತಾ? ಟೈಮರ್ ಅರ್ಧಕ್ಕೆ ಬರುವ ಮೊದಲೇ ಕಾಲ್ ಒತ್ತಿದೆ, ಅಷ್ಟೇ ಹಣ ನಾನೂ ಹಾಕಿದೆ. ಅವನ ಹತ್ತಿರ ಎರಡು ರಾಜ. ಐದು ಎಲೆ ಬಿದ್ದವು, ರಾಣಿ ಬರಲಿಲ್ಲ.

ಹಣ ಹೋಗಿದ್ದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಅವನ ಹೆಸರಿನ ಪಕ್ಕ ನಾನೇ ಹಸಿರು ಬಣ್ಣದ ಟ್ಯಾಗ್ ಹಾಕಿದ್ದೆ. ಅಪರೂಪಕ್ಕೆ ಕೈ ಹಾಕುವವನು ಎಂದು ಅದರ ಅರ್ಥ. ಆ ಟ್ಯಾಗ್ ಕಣ್ಣೆದುರೇ ಇತ್ತು. ನಾನು ನೋಡಿದ್ದು ನನ್ನ ಎರಡು ಎಲೆ ಮಾತ್ರ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಮ್ಮ ರಾಜ್ಯದಲ್ಲಿ ನಿಂತಿತು. ಆ ಬಿಡುವಿನಲ್ಲೇ ನಾನು ನಿಜವಾಗಿ ಕಲಿತದ್ದು. ಒಂದು ಭಾನುವಾರ ಇಸ್ಪೀಟು ಕಟ್ಟು ತೆಗೆದು ನೆಲದ ಮೇಲೆ ಹರಡಿಕೊಂಡು ಕೂತೆ. ಅಕ್ಕನ ಮಗ ಆಗ ಪಿಯುಸಿ ಓದುತ್ತಿದ್ದ, ಪಕ್ಕಕ್ಕೆ ಬಂದು ಕೂತ.

"ಏನ್ ಮಾವ, ಒಬ್ಬರೇ ಆಡ್ತಿದ್ದೀರಾ?"

"ಆಟ ಅಲ್ಲಪ್ಪ, ಲೆಕ್ಕ. ನಾಲ್ಕು ರಾಜ ಇದಾವೆ. ಎರಡೆರಡು ಜೋಡಿ ಎಷ್ಟು ಥರ ಆಗುತ್ತೆ ಹೇಳು?"

"ಫೋರ್ ಸಿ ಟೂ. ಆರು."

ಎಕ್ಕದ ಜೋಡಿಯೂ ಆರು. ಎಕ್ಕ-ರಾಜ ಸೇರಿದ್ದು? ನಾಲ್ಕು ಎಕ್ಕಗಳನ್ನು ಸಾಲಾಗಿ ಇಟ್ಟು ಅವನು ಒಂದೊಂದಕ್ಕೂ ನಾಲ್ಕು ರಾಜರನ್ನು ತೋರಿಸಿದ. ಹದಿನಾರು. ಆ ಹದಿನಾರು ನನ್ನ ಆಟವನ್ನೇ ಬದಲಿಸಿತು. ಹೆದರಿ ಎಲೆ ಬಿಡುವವರು ರಾಜ, ಎಕ್ಕದ ಜೋಡಿಗಳನ್ನೇ ನೆನೆಯುತ್ತಾರೆ. ಆದರೆ ಎಕ್ಕ-ರಾಜ ಬರುವ ದಾರಿ ಆ ಎರಡೂ ಜೋಡಿ ಸೇರಿದ್ದಕ್ಕಿಂತ ಜಾಸ್ತಿ.

ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡೆ. ರಾಜ ಅಥವಾ ಎಕ್ಕದ ಜೋಡಿ ಎದುರಿಗಿದ್ದರೆ ರಾಣಿ ಜೋಡಿ ಗೆಲ್ಲುವುದು ನೂರಕ್ಕೆ 18-19 ಸಲ. ಎಕ್ಕ-ರಾಜ ಎದುರಿಗಿದ್ದರೆ ಸುಮಾರು 56 ಸಲ. ಎದುರಿನವನು ಈ ಮೂರರಲ್ಲಿ ಮಾತ್ರ ಆಲ್ ಇನ್ ಹೋಗುತ್ತಾನೆ, ಇರುವುದೆಲ್ಲ ತಳ್ಳುತ್ತಾನೆ ಎಂದರೆ ಒಟ್ಟು 28 ಜೋಡಿ. ಅದರಲ್ಲಿ 12ರ ಎದುರು ನಾನು ಮುಳುಗಿದೆ, 16ರ ಎದುರು ಸ್ವಲ್ಪ ಮುಂದೆ. ಸರಾಸರಿ ತೆಗೆದರೆ ನನ್ನ ಪಾಲು ಶೇ. 40.

ಇನ್ನು ಬೆಲೆ. ಆವತ್ತು ನಾನು ಇನ್ನೂ 182 ಹಾಕಬೇಕಿತ್ತು. ಹಾಕಿದ ಮೇಲೆ ಪಾಟ್, ಅಂದರೆ ನಡುವೆ ಸೇರಿದ ಒಟ್ಟು ಹಣ, 403 (ಇಬ್ಬರ 200, ಬ್ಲೈಂಡಿನ 3). ಅಂದರೆ ನಷ್ಟ ಆಗದೆ ಇರಬೇಕಾದರೆ ನೂರಕ್ಕೆ 45 ಸಲ ಗೆಲ್ಲಬೇಕು. ನನಗಿದ್ದದ್ದು 40. ಕೊನೆಗೆ ಅವನು ಎಕ್ಕ-ರಾಜ ತೋರಿಸಿದ್ದರೂ, ಮೂರನ್ನೂ ಸೇರಿಸಿ ನೋಡಿದರೆ ಆ ಕಾಲ್ ತಪ್ಪೇ. ಇದು ಅರ್ಥವಾದ ದಿನ ಮನಸ್ಸಿಗೆ ಎಷ್ಟೋ ಹಗುರ ಆಯಿತು.

ಅದೇ ಜಾಗದಲ್ಲಿ ಸುಮ್ನೆ ತಳ್ಳುವವನು ಇದ್ದರೆ? ಅವನು ಗುಲಾಮನ ಜೋಡಿ, ಹತ್ತರ ಜೋಡಿಯಲ್ಲೂ ತಳ್ಳುತ್ತಾನೆ ಅನ್ನಿ. ಆರು ಆರು, ಹನ್ನೆರಡು ಸೇರಿತು. ಅವುಗಳ ಎದುರು ನಾನು ನೂರಕ್ಕೆ 80ಕ್ಕೂ ಜಾಸ್ತಿ ಸಲ ಗೆಲ್ಲುತ್ತೇನೆ. ಸರಾಸರಿ 50 ದಾಟುತ್ತದೆ. ಆಗ ಕಾಲ್ ಮಾಡಲೇಬೇಕು. ಎಲೆ ಅವೇ, ಹಣ ಅಷ್ಟೇ, ಎದುರಿಗಿರುವ ಮನುಷ್ಯ ಬೇರೆ. ತೀರ್ಮಾನ ಉಲ್ಟಾ.

2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಟೇಬಲ್‌ಗಳು ಮತ್ತೆ ತೆರೆದವು. ನಾಲ್ಕು ಟೇಬಲ್ ಒಟ್ಟಿಗೆ ಆಡುತ್ತಿದ್ದವನು ಎರಡಕ್ಕೆ ಇಳಿಸಿದೆ. ನಾಲ್ಕಿದ್ದಾಗ ಟೈಮರ್ ಓಡುತ್ತಿರುತ್ತದೆ, ಎದುರಿಗೆ ಯಾರಿದ್ದಾರೆ ಎಂದು ನೋಡಲು ಪುರುಸೊತ್ತಿರುವುದಿಲ್ಲ. ಇನ್ನೊಂದು ಅಭ್ಯಾಸ ಬೆಳೆಯಿತು. ರೇಸ್ ಒತ್ತುವ ಮೊದಲೇ, "ಇವನು ತಿರುಗಿ ತಳ್ಳಿದರೆ ಏನು ಮಾಡುತ್ತೇನೆ?" ಎಂದು ನನ್ನನ್ನೇ ಕೇಳಿಕೊಳ್ಳುವುದು. ತಳ್ಳಿದ ಮೇಲೆ ಕೇಳಿಕೊಂಡರೆ ಉತ್ತರ ಯಾವಾಗಲೂ "ಕಾಲ್" ಎಂದೇ ಬರುತ್ತದೆ.

ದೊಡ್ಡ ಜೋಡಿಯನ್ನು ಅಡಗಿಸಿ ಆಡುವ ಆಸೆ ನನಗೂ ಇತ್ತು. ಒಂದು ಸಲ ರಾಜರ ಜೋಡಿಯಲ್ಲಿ ರೇಸ್ ಮಾಡದೆ ಬರೀ 2 ರೂಪಾಯಿ ಹಾಕಿದೆ. ನಾಲ್ಕು ಜನ ಫ್ಲಾಪ್, ಅಂದರೆ ನಡುವೆ ಮೊದಲು ಬೀಳುವ ಮೂರು ಎಲೆ, ನೋಡಿದರು. ಬಿದ್ದದ್ದು ಒಂಬತ್ತು, ಎಂಟು, ಆರು. ದೊಡ್ಡ ಬ್ಲೈಂಡಿನವನು ಹತ್ತು-ಏಳು ಹಿಡಿದು ಬಿಟ್ಟಿಯಾಗಿ ಬಂದಿದ್ದ, ಸೀಕ್ವೆನ್ಸ್ ಆಗಿಹೋಯಿತು. ರೇಸ್ ಮಾಡಿದ್ದರೆ ಅವನು ಬರುತ್ತಲೇ ಇರಲಿಲ್ಲ. ಎಕ್ಕದ ಜೋಡಿ ಕೂಡ ಯಾವುದೋ ಒಂದು ಕೈ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ, ಐದು ಕೈ ಎದುರು ಸುಮಾರು 49 ಸಲ ಅಷ್ಟೇ. ಹಾಗಾಗಿ ಈಗ ದೊಡ್ಡ ಜೋಡಿ ಬಂದರೆ ಯಾವಾಗಲೂ ರೇಸ್. ಬ್ಲೈಂಡಿನ ಮೂರು ಪಟ್ಟು. ಮುಂಚೆಯೇ ಯಾರಾದರೂ ಸುಮ್ನೆ ಕಾಲ್ ಮಾಡಿ ಕೂತಿದ್ದರೆ ಒಬ್ಬೊಬ್ಬರಿಗೂ ಇನ್ನೊಂದು ಬ್ಲೈಂಡ್ ಸೇರಿಸುತ್ತೇನೆ.

ಫ್ಲಾಪ್ ಬಿದ್ದ ಮೇಲಿನ ಕಷ್ಟವೇ ಬೇರೆ. ರಾಣಿ ಜೋಡಿ ಹಿಡಿದಾಗ ಫ್ಲಾಪಿನಲ್ಲಿ ಎಕ್ಕವೋ ರಾಜನೋ ಬೀಳುವುದು ನೂರಕ್ಕೆ 41 ಸಲ. ಗುಲಾಮನ ಜೋಡಿಗಿಂತ ದೊಡ್ಡ ಎಲೆ ಬೀಳುವುದು 57 ಸಲ. ಇದು ಗೊತ್ತಿಲ್ಲದಾಗ ಎಕ್ಕ ಬಿದ್ದ ಕೂಡಲೇ ಅನ್ಯಾಯ ಆದಂತೆ ಅನಿಸುತ್ತಿತ್ತು. ಈಗ ಎಕ್ಕ ಬಿದ್ದರೆ, ಎದುರಿಗೆ ಒಬ್ಬನೇ ಇದ್ದರೆ, ಪಾಟಿನ ಮೂರನೇ ಒಂದು ಭಾಗ ಒಂದೇ ಒಂದು ಸಲ ಬೆಟ್ ಮಾಡುತ್ತೇನೆ. ಚಿಕ್ಕ ಜೋಡಿ ಹಿಡಿದವರು ಎಷ್ಟೋ ಸಲ ಅಲ್ಲೇ ಬಿಡುತ್ತಾರೆ. ಕಾಲ್ ಬಂದರೆ ಮುಂದೆ ನಾನಾಗಿ ಹಣ ಹಾಕುವುದಿಲ್ಲ. ಮೂರು ಜನ ಇದ್ದರೆ ಆ ಒಂದು ಬೆಟ್ಟೂ ಇಲ್ಲ.

2025ರ ಆಗಸ್ಟ್ 22ರಂದು ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಟೇಬಲ್‌ಗಳು ದೇಶದಲ್ಲೆಲ್ಲ ಮುಚ್ಚಿದವು. ಈಗ ವಾರಕ್ಕೊಮ್ಮೆ ಗೆಳೆಯರ ಜೊತೆ ಬಿಟ್ಟಿ ಚಿಪ್ಸಿನಲ್ಲಿ ಆಡುತ್ತೇನೆ. ಹಣ ಇಲ್ಲದ ಆಟದಲ್ಲಿ ಜನ ಜಾಸ್ತಿ ಕೈಗಳಲ್ಲಿ ತಳ್ಳುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ, ಗುಲಾಮನ ಜೋಡಿಯಲ್ಲೂ ಧೈರ್ಯವಾಗಿ ಕಾಲ್ ಮಾಡುತ್ತೇನೆ. ಆದರೆ ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ಚಿಪ್ಸ್ ಬಿಟ್ಟಿಯಾದರೂ ಮನೆ ಖರ್ಚಿನ ಹಣದಂತೆ ಕಾಪಾಡುತ್ತಾರೆ.

ಹೋದ ವಾರ ಅವರು ಮೊದಲ ಸೀಟಿನಿಂದ ರೇಸ್ ಮಾಡಿದರು. ನನಗೆ ಎರಡು ರಾಣಿ. ಮೂರು ಪಟ್ಟು ಮಾಡಿದೆ. ಅವರು ಎಲ್ಲವನ್ನೂ ತಳ್ಳಿದರು. ಆರು, ಆರು, ಹದಿನಾರು. ಅವರು ಆ ಹದಿನಾರರಲ್ಲೂ ತಳ್ಳುವವರಾ ಎಂದು ಯೋಚಿಸಿದೆ. ಟೈಮರ್ ನಾಲ್ಕು ಸೆಕೆಂಡಿಗೆ ಬಂದಾಗ ಫೋಲ್ಡ್ ಒತ್ತಿ ಎಲೆ ಬಿಟ್ಟೆ.

"ಏನಿತ್ತು ಸರ್?" ಎಂದು ಫೋನಿನಲ್ಲಿ ಕೇಳಿದೆ.

"ಅದನ್ನ ನೋಡ್ಬೇಕು ಅಂದ್ರೆ ಕಾಲ್ ಮಾಡ್ಬೇಕಿತ್ತಪ್ಪ" ಎಂದರು. ಅಷ್ಟರಲ್ಲಿ ಮುಂದಿನ ಎಲೆ ಬಿತ್ತು.