ಓಡದ ಹಳೆಯ ಎಂಜಿನ್ನಿನಲ್ಲಿ ವಿದ್ಯುತ್ತಿನ ದಾರಿ ಹುಡುಕಿದ್ದು

ಓಡದೆ ನಿಂತ ಹಳೆಯ ಮಾದರಿ ರೈಲನ್ನು ಕಂಡವರೆಲ್ಲ ಮೊದಲು ಹೇಳುವುದು ‘ಮೋಟಾರು ಸುಟ್ಟಿದೆ’ ಎಂದು. ನನಗೆ ಎಂಜಿನ್ನನ್ನು ಮಾರಿದ ಮಲ್ಲೇಶ್ವರದ ಹಿರಿಯರೂ ಅದನ್ನೇ ಹೇಳಿದರು: “ಇದು ಇನ್ನು ಓಡುವುದಿಲ್ಲಪ್ಪಾ, ಷೋಕೇಸಿನಲ್ಲಿ ಇಟ್ಟುಕೋ.” “ಒಮ್ಮೆ ಬಿಚ್ಚಿ ನೋಡುತ್ತೇನೆ ಸರ್” ಎಂದು ಹೇಳಿ ಮನೆಗೆ ತಂದೆ. ಇಟಲಿಯ ಲಿಮಾ ಕಂಪನಿಯ ಡೀಸೆಲ್ ಎಂಜಿನ್, ಮೂರು ಬೋಗಿ, ಒಂದು ಸುತ್ತು ಹಾಕಲು ಸಾಲುವಷ್ಟು ಹಳಿ. ಮೋಟಾರಿಗೆ ಏನೂ ಆಗಿರಲಿಲ್ಲ. ಗೋಡೆಯ ಪ್ಲಗ್ಗಿನಿಂದ ಹೊರಟ ವಿದ್ಯುತ್ತು ಹಳಿ, ಗಾಲಿ, ತಂತಿ, ಬ್ರಷ್‌ಗಳನ್ನು ದಾಟಿ ಮೋಟಾರು ತಲುಪಿ ಹಿಂತಿರುಗುವ ದಾರಿಯಲ್ಲಿ ಹಲವು ಕಡೆ ಕೊಳೆ ಕಟ್ಟಿತ್ತು, ಅಷ್ಟೆ. ಆ ದಾರಿಯನ್ನು ಒಂದೊಂದೇ ಗೇಣು ಪರೀಕ್ಷಿಸುತ್ತ ಹೋಗುವುದೇ ಈ ಕೆಲಸದ ಮುಕ್ಕಾಲು ಪಾಲು. ಹೊಸಬರು ಹೆದರಬೇಕಾದ್ದು ಇದರಲ್ಲಿ ಏನೂ ಇಲ್ಲ.

ಕೈಗೆ ಬಂದಿರುವುದು ಯಾವ ಅಳತೆಯ ರೈಲು ಎಂದು ಮೊದಲು ತಿಳಿಯಬೇಕು. ನನ್ನದು ಎಚ್‌ಓ, ಅಂದರೆ ನಿಜದ ರೈಲಿನ 87ನೇ ಒಂದು ಭಾಗ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಇದನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರ್ ಬರುತ್ತದೆ. ನಮ್ಮ ಬೆಂಗಳೂರಿನ ಮೆಟ್ರೊ ಓಡುವುದು ಇದೇ ಅಗಲದ ಹಳಿಯ ಮೇಲೆ. ಯಶವಂತಪುರದಲ್ಲಿ ನಿಲ್ಲುವ ರೈಲುಗಳದು 1676 ಮಿಲಿಮೀಟರಿನ ಬ್ರಾಡ್‌ಗೇಜ್. ಅದನ್ನು ಇದೇ ಪ್ರಮಾಣಕ್ಕೆ ಇಳಿಸಿದರೆ ಅಂತರ 19 ಮಿಲಿಮೀಟರ್ ದಾಟುತ್ತದೆ. ಹೀಗಾಗಿ ನಮ್ಮ ರೈಲುಗಳ ಮಾದರಿಯನ್ನು ಎಚ್‌ಓ ಹಳಿಯ ಮೇಲೆ ಇಟ್ಟಾಗ ಕಾಲು ಸ್ವಲ್ಪ ಕೂಡಿಸಿಕೊಂಡು ನಿಂತಂತೆ ಕಾಣುತ್ತದೆ. ಬ್ರಿಟನ್ನಿನ ಹಾರ್ನ್‌ಬಿ ಎಂಜಿನ್‌ಗಳೂ ಇದೇ ಹಳಿಯ ಮೇಲೆ ಓಡುತ್ತವೆ, ಆದರೆ ಅವುಗಳ ಮೈ 76ನೇ ಒಂದು ಭಾಗದ ಅಳತೆಯದು, ತುಸು ದೊಡ್ಡದು.

ಇನ್ನೊಂದು ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಬಹುದು. ವಿದ್ಯುತ್ ಅಳೆಯುವ ಮಲ್ಟಿಮೀಟರನ್ನು ಶಬ್ದ ಬರುವ ಸ್ಥಾನಕ್ಕೆ ತಿರುಗಿಸಿ, ಬೋಗಿಯ ಒಂದೇ ಅಚ್ಚಿನ ಎಡ ಬಲ ಗಾಲಿಗಳಿಗೆ ಮುಟ್ಟಿಸಿ. ಶಬ್ದ ಬರದಿದ್ದರೆ ಅದು ಎರಡು ಹಳಿಯ ನೇರ ವಿದ್ಯುತ್ತಿನ ವ್ಯವಸ್ಥೆಗೆ ಹೊಂದುತ್ತದೆ. ಲೋಹದ ಗಾಲಿಗಳ ನಡುವೆ ಶಬ್ದ ಬಂದರೆ ಅದು ಜರ್ಮನ್ ಕಂಪನಿ ಮಾರ್ಕ್ಲಿನ್‌ನಂಥ, ಹಳಿಗಳ ನಡುವಿನ ಮೊಳೆಸಾಲಿನಿಂದ ವಿದ್ಯುತ್ ಪಡೆಯುವ ವ್ಯವಸ್ಥೆಯದಿರಬಹುದು. ಅದನ್ನು ನಮ್ಮ ಹಳಿಯ ಮೇಲೆ ಇಟ್ಟ ಕ್ಷಣ ಶಾರ್ಟ್ ಆಗುತ್ತದೆ.

ಸೆಟ್ಟಿನ ಜೊತೆ ಬಂದ, ಹಳಿಗೆ ವಿದ್ಯುತ್ ಕೊಟ್ಟು ವೇಗ ನಿಯಂತ್ರಿಸುವ ಹಳೆಯ ಪೆಟ್ಟಿಗೆಯನ್ನು, ಅಂದರೆ ಕಂಟ್ರೋಲರನ್ನು, ನಾನು ಪ್ಲಗ್ಗಿಗೆ ಹಾಕಲೇ ಇಲ್ಲ. ದಶಕಗಳಷ್ಟು ಹಳೆಯ ತಂತಿಯ ಹೊದಿಕೆಯನ್ನು 230 ವೋಲ್ಟಿನ ಮುಂದೆ ನಂಬುವುದು ಸರಿಯಲ್ಲ. ಅಮೆರಿಕದಿಂದ ಬಂದ ಪೆಟ್ಟಿಗೆಯಾದರೆ ಅದು 120 ವೋಲ್ಟಿಗೆ ಮಾಡಿದ್ದು, ಇಲ್ಲಿ ಸುಟ್ಟೇ ಹೋಗುತ್ತದೆ. ಎಸ್.ಪಿ. ರಸ್ತೆಯಲ್ಲಿ 12 ವೋಲ್ಟ್, 2 ಆಂಪಿಯರಿನ ಒಂದು ಅಡಾಪ್ಟರ್, ಸಣ್ಣ ಡಿ.ಸಿ. ಮೋಟಾರುಗಳ ವೇಗ ನಿಯಂತ್ರಿಸುವ ಒಂದು ಬೋರ್ಡು, ಹಿಂದೆ ಮುಂದೆ ಓಡಿಸಲು ಆರು ಕಾಲಿನ ಒಂದು ಸ್ವಿಚ್ಚು ಕೊಂಡೆ. ಆ ರಸ್ತೆಯ ಅಂಗಡಿಗಳಲ್ಲಿ ಹೆಸರು ಗೊತ್ತಿಲ್ಲದಿದ್ದರೂ ಆಗಬೇಕಾದ ಕೆಲಸವನ್ನು ವಿವರಿಸಿದರೆ ಸಾಕು, ಸರಿಯಾದ ಸಾಮಾನು ಕೈಗೆ ಬರುತ್ತದೆ. ಜೆ.ಸಿ. ರಸ್ತೆಯಲ್ಲಿ ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಬಲ್ಬನ್ನು ಕೊಂಡು, ಹಳಿಗೆ ಹೋಗುವ ಒಂದು ತಂತಿಯ ನಡುವೆ ಸೇರಿಸಿದೆ. ರೈಲು ಓಡುವಾಗ ಬಲ್ಬಿನಲ್ಲಿ ಬೆಳಕು ಕಾಣುವುದೇ ಇಲ್ಲ ಎನ್ನಬಹುದು. ಗಾಲಿ ಹಳಿ ತಪ್ಪಿ ಶಾರ್ಟ್ ಆದರೆ ಬಲ್ಬು ಝಗ್ಗನೆ ಉರಿದು ವಿದ್ಯುತ್ ಪ್ರವಾಹವನ್ನು ಎರಡು ಆಂಪಿಯರಿಗಿಂತ ಕೆಳಗೇ ತಡೆದುಕೊಳ್ಳುತ್ತದೆ. ಇಷ್ಟು ಅಗ್ಗದ, ಇಷ್ಟು ನಂಬಿಕಸ್ಥ ಕಾವಲುಗಾರ ಬೇರೆ ಇಲ್ಲ.

ಈಗ ಎಂಜಿನ್. ಹೊಸಬರು ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಯ ಎರಡು ತಂತಿಗಳನ್ನು ಮುಂದಿನ ಎರಡು ಗಾಲಿಗಳಿಗೆ ಮುಟ್ಟಿಸಿ, ಏನೂ ಆಗದಿದ್ದಾಗ ಮೋಟಾರು ಸತ್ತಿದೆ ಎಂದು ತೀರ್ಮಾನಿಸುತ್ತಾರೆ. ಹಳೆಯ ಲಿಮಾ ಡೀಸೆಲ್‌ಗಳ ರಚನೆಯೇ ಬೇರೆ. ಎಂಜಿನ್ನಿನ ಕೆಳಗೆ ಮುಂದೊಂದು ಹಿಂದೊಂದು ಗಾಲಿಚೌಕಟ್ಟು ಇರುತ್ತದೆ. ಮೋಟಾರು ಇರುವುದು ಒಂದರಲ್ಲಿ ಮಾತ್ರ. ಆ ಚೌಕಟ್ಟಿನ ಒಂದು ಬದಿಯ ಗಾಲಿಗಳಿಗೆ ಹಿಡಿತಕ್ಕಾಗಿ ರಬ್ಬರ್ ಉಂಗುರ ತೊಡಿಸಿರುತ್ತಾರೆ, ಇನ್ನೊಂದು ಬದಿಯ ಗಾಲಿಗಳು ಮಾತ್ರ ಒಂದು ಹಳಿಯಿಂದ ವಿದ್ಯುತ್ ಪಡೆಯುತ್ತವೆ. ಎದುರಿನ ಹಳಿಯಿಂದ ಪಡೆಯುವ ಕೆಲಸ ಮೋಟಾರಿಲ್ಲದ ಚೌಕಟ್ಟಿನದು. ಅಲ್ಲಿಂದ ಒಂದು ತೆಳುವಾದ ತಂತಿ ಮೋಟಾರಿಗೆ ಬರುತ್ತದೆ. ಆದ್ದರಿಂದ ಬ್ಯಾಟರಿಯ ಒಂದು ತಂತಿ ಮೋಟಾರಿರುವ ಚೌಕಟ್ಟಿನ ರಬ್ಬರಿಲ್ಲದ ಬದಿಗೂ ಇನ್ನೊಂದು ಮೋಟಾರಿಲ್ಲದ ಚೌಕಟ್ಟಿನ ವಿರುದ್ಧ ಬದಿಗೂ ಮುಟ್ಟಬೇಕು. ಹಾಗೆ ಮುಟ್ಟಿಸಿದಾಗ ನನ್ನ ಎಂಜಿನ್ ಒಮ್ಮೆ ನಡುಗಿ ಗುಂಯ್ ಎಂದಿತು. ತಿರುಗಲಿಲ್ಲ, ಆದರೆ ಜೀವ ಇತ್ತು. ಆ ಸಣ್ಣ ಶಬ್ದಕ್ಕೆ ನಾನು ಕುಣಿದಾಡಿದೆ.

ಮೈಯನ್ನು ಬಿಚ್ಚಿ, ಬಿಳಿ ಬಟ್ಟೆ ಹಾಸಿದ ತಟ್ಟೆಯ ಮೇಲೆ ಮೋಟಾರಿನ ಬ್ರಷ್‌ಗಳನ್ನು ಹೊರತೆಗೆದೆ. ಬ್ರಷ್ ಎಂದರೆ ಅಕ್ಕಿಕಾಳಿನಷ್ಟು ದೊಡ್ಡ ಇಂಗಾಲದ ತುಂಡು. ಅದನ್ನು ಒತ್ತಿ ಹಿಡಿದಿರುವ ಸ್ಪ್ರಿಂಗು ಹಾರಿಹೋದರೆ ಮತ್ತೆ ಸಿಗುವುದು ಕಷ್ಟ, ಹಾಗಾಗಿ ಬೆರಳು ಅಡ್ಡ ಹಿಡಿದೇ ಬಿಚ್ಚಬೇಕು. ಬ್ರಷ್‌ಗಳು ಉಜ್ಜುವ, ಮೋಟಾರಿನ ಅಚ್ಚಿನೊಂದಿಗೆ ತಿರುಗುವ ತಾಮ್ರದ ಕಮ್ಯುಟೇಟರ್ ಕಪ್ಪಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸಿ, ತಾಮ್ರದ ತುಂಡುಗಳ ನಡುವಿನ ಸೀಳುಗಳಲ್ಲಿ ತುಂಬಿದ್ದ ಇಂಗಾಲದ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ಕೆರೆದೆ. ಆ ಪುಡಿಯೂ ವಿದ್ಯುತ್ತನ್ನು ಹಾಯಿಸುತ್ತದೆ, ಹಾಗಾಗಿ ಸೀಳು ತುಂಬಿದರೆ ಮೋಟಾರು ಬಿಸಿಯಾಗುತ್ತದೆಯೇ ಹೊರತು ತಿರುಗುವುದಿಲ್ಲ. ಸೂಜಿ, ಬ್ಲೇಡು ಬೇಡ. ತಾಮ್ರಕ್ಕೆ ಬಿದ್ದ ಗೀರು ಬ್ರಷ್‌ಗಳನ್ನು ಬೇಗ ಸವೆಸುತ್ತದೆ. ಹಲ್ಲುಚಕ್ರಗಳಲ್ಲಿ ಹಳೆಯ ಎಣ್ಣೆ ಅಂಟಿನಂತೆ ಗಟ್ಟಿಯಾಗಿತ್ತು, ಅಚ್ಚುಗಳಿಗೆ ಕೂದಲು ಸುತ್ತಿತ್ತು. ಎಲ್ಲವನ್ನೂ ಆಲ್ಕೊಹಾಲಿನಿಂದಲೇ ತೆಗೆದೆ, ಬಣ್ಣ ಬಳಿದ ಮೈಗೆ ಮಾತ್ರ ಅದು ತಾಗದಂತೆ ನೋಡಿಕೊಂಡೆ.

ಹೊಸ ಎಣ್ಣೆಯ ವಿಷಯದಲ್ಲಿ ಕೈ ಬಿಗಿ ಇರಲಿ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಮೋಟಾರಿನ ಅಚ್ಚಿನ ಎರಡು ತುದಿಗೂ ಗಾಲಿಗಳ ಅಚ್ಚುಗಳಿಗೂ ಮುಟ್ಟಿಸಿದರೆ ಸಾಕು. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಹಾಕಬೇಡಿ, ಡಿಸೆಂಬರಿನ ಬೆಂಗಳೂರಿನಲ್ಲಿ ಅದು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ.

ಹಳಿಗೆ ಅಯಸ್ಕಾಂತ ಹಿಡಿದರೆ ಅಂಟಿಕೊಂಡಿತು, ಅಂದರೆ ಉಕ್ಕು. ತುಕ್ಕು ತೀರಾ ಹಿಡಿದ ತುಂಡುಗಳನ್ನು ಕೈಬಿಟ್ಟು ನಿಕ್ಕಲ್ ಸಿಲ್ವರಿನ ಹೊಸ ಹಳಿಗಳನ್ನು ತರಿಸಿಕೊಂಡೆ. ಇದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ, ತುಕ್ಕು ಹಿಡಿಯುವುದಿಲ್ಲ. ಉಳಿದವನ್ನು ಆಲ್ಕೊಹಾಲಿನ ಬಟ್ಟೆಯಿಂದ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿದೆ. ಒರಟು ಮರಳು ಕಾಗದ ಹಾಕಿದರೆ ಗೀರುಗಳಲ್ಲಿ ಮತ್ತೆ ಕೊಳೆ ಕೂರುತ್ತದೆ. ಹಳಿಯ ತುಂಡುಗಳನ್ನು ಜೋಡಿಸುವ, ಸಡಿಲವಾಗಿದ್ದ ಫಿಶ್‌ಪ್ಲೇಟುಗಳನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಬಿಗಿ ಮಾಡಿದೆ. ಸುತ್ತಿನ ಎದುರು ಬದಿಗೂ ಒಂದು ಜೊತೆ ತಂತಿ ಎಳೆದು ಬೆಸುಗೆ ಹಾಕಿದ್ದರಿಂದ, ದೂರ ಹೋದಂತೆ ವೇಗ ತಗ್ಗುವ ತೊಂದರೆಯೂ ಹೋಯಿತು. ಎಲ್ಲವನ್ನೂ ನಾಲ್ಕಡಿ ಮೂರಡಿಯ ಪ್ಲೈವುಡ್ ಮೇಲೆ ಕೂರಿಸಿದ್ದೇನೆ. ನೆಲದ ಮೇಲೆ ಓಡಿಸಿದರೆ ಧೂಳು, ಕೂದಲು ಮತ್ತೆ ಅಚ್ಚಿಗೆ ಹೋಗುತ್ತವೆ.

ಎಂಜಿನ್ ಓಡಿತು. ಮೊದಲು ಬೋಗಿಗಳಿಲ್ಲದೆ, ಅರ್ಧ ವೇಗದಲ್ಲಿ, ಎರಡೂ ದಿಕ್ಕಿಗೆ ಸಾಕಷ್ಟು ಹೊತ್ತು ಓಡಿಸಿದೆ. ಬ್ರಷ್‌ಗಳು ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಲು ಇದು ಬೇಕು. ಸಣ್ಣ ಕಿಡಿಗಳು ಕಂಡರೆ ಚಿಂತೆಯಿಲ್ಲ, ಮೋಟಾರು ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಬೇಕು.

ಉಳಿದದ್ದು ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ತಡವರಿಸುವುದು. ಅಲ್ಲಿ ಒಂದು ಪ್ಲಾಸ್ಟಿಕ್ ತುಣುಕು ಇದೆ. ವಿದ್ಯುತ್ ಪಡೆಯುವ ಗಾಲಿಗಳೇ ಕಡಿಮೆ ಇರುವ ಎಂಜಿನ್‌ಗೆ ಆ ಅಂತರ ದೊಡ್ಡದು. ಮೋಟಾರಿಲ್ಲದ ಚೌಕಟ್ಟಿನ ಸುಮ್ಮನಿದ್ದ ಬದಿಯ ಗಾಲಿಗಳೂ ಲೋಹದವೇ. ಅವುಗಳ ಹಿಂಬದಿಗೆ ಉಜ್ಜುವಂತೆ, ಸ್ಪ್ರಿಂಗಿನಂತೆ ಬಾಗುವ ತಾಮ್ರದ ಮಿಶ್ರಲೋಹವಾದ ಫಾಸ್ಫರ್ ಬ್ರಾಂಜ್‌ನ ತೆಳು ಪಟ್ಟಿಯನ್ನು ಕೂರಿಸಿ, ಅಲ್ಲಿಂದ ಮೋಟಾರಿನ ಲೋಹದ ಮೈಗೆ ಒಂದು ತಂತಿ ಬೆಸೆದೆ. ಪಟ್ಟಿ ಗಾಲಿಗೆ ಮುಟ್ಟಬೇಕು, ತಡೆಯಬಾರದು; ಆ ಒತ್ತಡ ಹದಕ್ಕೆ ಬರುವವರೆಗೆ ಬಗ್ಗಿಸಿ ನೋಡುತ್ತಲೇ ಇರಬೇಕು. ಈಗ ಮೂರು ಬೋಗಿಗಳನ್ನು ಎಳೆದುಕೊಂಡು ಪಾಯಿಂಟನ್ನು ನಿಧಾನವಾಗಿಯೇ ದಾಟುತ್ತದೆ. ಗಟ್ಟಿಯಾಗಿ ಬಿರುಕು ಬಿಟ್ಟಿರುವ ರಬ್ಬರ್ ಉಂಗುರಗಳ ಬದಲಿಗೆ ಹೊಸವನ್ನು ತರಿಸುತ್ತಿದ್ದೇನೆ. ಅವು ಬಂದ ಮೇಲೆ ನಾಲ್ಕನೆಯ ಬೋಗಿ.